ಎಸ್. ಪಂಚರತ್ನಂ: ಧ್ರುವೀಕರಣದ ಪಾಠದಲ್ಲಿ ಇರಬೇಕಾದ ಹೆಸರು

ಬೆಳಕಿನ ಧ್ರುವೀಕರಣ ಎಂದೊಡನೆ ನಮಗೆ ನೆನಪಾಗುವುದು ಮಾಲಸ್, ಬ್ರೂಸ್ಟರ್, ನಿಕಾಲ್. ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿ ಈ ವಿಷಯಕ್ಕೆ ಹೊಸ ತತ್ತ್ವ ಸೇರಿಸಿದ ಶಿವರಾಮಕೃಷ್ಣನ್ ಪಂಚರತ್ನಂ ಅವರನ್ನು ತರಗತಿಯಲ್ಲಿ ಹೆಸರಿಸುವುದು ಅಪರೂಪ.

ಇವರು 1934ರ ಫೆಬ್ರವರಿ 9ರಂದು ಕಲ್ಕತ್ತದಲ್ಲಿ ಜನಿಸಿದರು. ಸರ್ ಸಿ.ವಿ. ರಾಮನ್ ಇವರ ಸೋದರಮಾವ. ದ್ರವಸ್ಫಟಿಕ ವಿಜ್ಞಾನಿ ಎಸ್. ಚಂದ್ರಶೇಖರ್ ಇವರ ಅಣ್ಣ. ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿ, ಅಯೋಲೈಟ್‌ನಂತಹ ಹರಳುಗಳಲ್ಲಿ ಧ್ರುವೀಕೃತ ಬೆಳಕು ಸಾಗುವ ಬಗೆಯನ್ನು ಅಭ್ಯಸಿಸಿದರು.

ಧ್ರುವೀಕರಣದ ಪ್ರತಿಯೊಂದು ಸ್ಥಿತಿಯನ್ನೂ ಪ್ವಾಂಕಾರೆ ಗೋಳದ ಮೇಲಿನ ಒಂದು ಬಿಂದುವಾಗಿ ಗುರುತಿಸಬಹುದು. ಬೆಳಕಿನ ಸ್ಥಿತಿ ಆ ಗೋಳದ ಮೇಲೆ ಸುತ್ತು ಹಾಕಿ ಹೊರಟ ಬಿಂದುವಿಗೇ ಮರಳಿದರೂ ಅದರ ಪ್ರಾವಸ್ಥೆ, ಅಂದರೆ ಫೇಸ್, ಬದಲಾಗಿರುತ್ತದೆ ಎಂದು ಪಂಚರತ್ನಂ 1956ರಲ್ಲಿ ತೋರಿಸಿದರು. ಆಗ ಅವರಿಗೆ 22 ವರ್ಷ. ಹೀಗೆ ಸೇರುವ ಪ್ರಾವಸ್ಥೆಯ ಅಳತೆ, ಆ ಸುತ್ತು ಆವರಿಸಿದ ಘನಕೋನದ ಅರ್ಧ.

ಇದಕ್ಕೆ ಹೋಲಿಕೆಯನ್ನು ತರಗತಿಯ ಭೂಗೋಳದ ಮೇಲೆ ತೋರಿಸಬಹುದು. ಪೆನ್ಸಿಲನ್ನು ಉತ್ತರ ಧ್ರುವದಲ್ಲಿ 0° ರೇಖಾಂಶದ ಕಡೆಗೆ ಮುಖಮಾಡಿ ಇಡಿ. ಎಲ್ಲಿಯೂ ತಿರುಚದೆ ಸಮಭಾಜಕದವರೆಗೆ ಇಳಿಸಿ, ಅಲ್ಲಿಂದ 90° ಪೂರ್ವಕ್ಕೆ ಸರಿಸಿ, ಮತ್ತೆ ಧ್ರುವಕ್ಕೆ ಏರಿಸಿ. ಪೆನ್ಸಿಲ್ ಹೊರಟ ಜಾಗಕ್ಕೇ ಬಂದಿದೆ, ಆದರೆ 90° ತಿರುಗಿದೆ. ಪ್ವಾಂಕಾರೆ ಗೋಳದ ಮೇಲೆ ಬೆಳಕು ಇಷ್ಟೇ ಸುತ್ತು ಹಾಕಿದರೆ ಪ್ರಾವಸ್ಥೆ 45° ಬದಲಾಗುತ್ತದೆ.

1961ರಿಂದ 1964ರವರೆಗೆ ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ರೀಡರ್ ಆಗಿದ್ದರು. ಅದೇ ಅವಧಿಯಲ್ಲಿ, 1962ರಲ್ಲಿ, ಅಮೆರಿಕದಲ್ಲಿ ಅರೆವಾಹಕ ಲೇಸರ್ ತಯಾರಾಯಿತು. ಅದರ ಬೆಳಕು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಧ್ರುವೀಕೃತವಾಗಿರುತ್ತದೆ. ಲೇಸರ್‌ಗಿಂತ ಮೊದಲೇ ಪಂಚರತ್ನಂ ರೂಪಿಸಿದ ನಿಯಮ ಆ ಬೆಳಕಿಗೂ ಹಾಗೆಯೇ ಅನ್ವಯಿಸುತ್ತದೆ.

1964ರಲ್ಲಿ ಆಕ್ಸ್‌ಫರ್ಡ್‌ಗೆ ತೆರಳಿದ ಅವರು 1969ರ ಮೇ 28ರಂದು ಅಲ್ಲಿಯೇ ನಿಧನರಾದರು. ವಯಸ್ಸು ಕೇವಲ 35. 1984ರಲ್ಲಿ ಬ್ರಿಟನ್ನಿನ ಮೈಕೇಲ್ ಬೆರ್ರಿ ಕ್ವಾಂಟಂ ಸಿದ್ಧಾಂತದಲ್ಲಿ ಇಂಥದೇ ಪ್ರಾವಸ್ಥೆಯನ್ನು ವಿವರಿಸಿದರು. ಇದರ ಬೆಳಕಿನ ರೂಪವನ್ನು ಪಂಚರತ್ನಂ ಮೊದಲೇ ಕಂಡಿದ್ದರೆಂದು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ತೋರಿಸಿಕೊಟ್ಟರು. ಬೆರ್ರಿಯವರೂ ಅದನ್ನು ಒಪ್ಪಿ ಬರೆದರು. ಮನ್ನಣೆ ಬರುವ ಹೊತ್ತಿಗೆ ಪಂಚರತ್ನಂ ತೀರಿಕೊಂಡು 17 ವರ್ಷಗಳಾಗಿದ್ದವು.

ಬಿಳಿಚೋಡಿನಂತಹ ಊರಿನ ಪ್ರೌಢಶಾಲೆಯಲ್ಲೂ ಒಂದು ಲೇಸರ್ ಪಾಯಿಂಟರ್, ಒಂದು ಪೋಲರಾಯ್ಡ್ ಹಾಳೆ, ಒಂದು ಭೂಗೋಳ ಇದ್ದರೆ ಈ ಪಾಠ ನಡೆಯುತ್ತದೆ. ಲೇಸರನ್ನು ಗೋಡೆಯ ಕಡೆಗಷ್ಟೇ ಹಿಡಿದು, ಯಾರ ಕಣ್ಣಿಗೂ ತಾಗದಂತೆ ನೋಡಿಕೊಂಡು, ನಡುವೆ ಹಾಳೆಯನ್ನು ನಿಧಾನವಾಗಿ ತಿರುಗಿಸಿ. ಚುಕ್ಕೆ ಮಂಕಾಗಿ ಮತ್ತೆ ಬೆಳಗುವುದನ್ನು ಮಕ್ಕಳು ಗಮನಿಸುವಾಗ ಪಂಚರತ್ನಂ ಅವರ ಹೆಸರನ್ನೂ ಹೇಳೋಣ.