ಊರೇ ಜಾಮೀನು ನಿಂತ ಸಾಲ

ಕಾಲೇಜಿನಲ್ಲಿ ಸಾಮಾಜಿಕ ಉದ್ಯಮದ ಪಾಠ ಅಂದ್ರೆ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್, ಗ್ರಾಮೀಣ ಬ್ಯಾಂಕು, 2006ರ ನೊಬೆಲ್. ನಾನು ಮುಂಡರಗಿಯವ. ನಮ್ಮದೇ ಗದಗ ಸೀಮೆಯ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಆ ಪಾಠದಲ್ಲಿ ಬರಲೇ ಇಲ್ಲ.

ಆಗ ಇದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಮಳೆ ಕೈಕೊಟ್ಟರೆ ರೈತ ಸಾಹುಕಾರನ ಬಾಗಿಲಿಗೆ ಹೋಗಬೇಕು. ಬಡ್ಡಿ ಬೆಳೆದ ಹಾಗೆ ಹೊಲ ಅವನ ಪಾಲು. 1904ರಲ್ಲಿ ಬ್ರಿಟಿಷರು ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದರು. ಮರುವರ್ಷವೇ, 1905ರಲ್ಲಿ, ಪಾಟೀಲರು ಅದನ್ನು ಕಣಗಿನಹಾಳಕ್ಕೆ ಇಳಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು.

ಆ ಕಾಯ್ದೆಯ ಒಂದು ಷರತ್ತು ಓದಿ ನನಗೆ ಮೈ ಜುಮ್ಮೆಂದಿತು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇಲ್ಲ. ಜರ್ಮನಿಯ ರೈಫೈಸನ್ ತೋರಿಸಿದ ದಾರಿ ಇದು. ಪಕ್ಕದ ಮನೆಯವ ಸಾಲ ತೀರಿಸದೆ ಸಂಘ ಮುಳುಗಿದರೆ ನಿನ್ನ ಆಸ್ತಿಯೂ ಹೋದೀತು. ಹೆಚ್ಚು ಹೊಲ ಇದ್ದವನಿಗೇ ಹೆಚ್ಚು ಭಯ. ಗೌಡರೊಬ್ಬರು ಮುಂದೆ ನಿಂತಿದ್ದಕ್ಕೆ ತೂಕ ಬರೋದು ಇಲ್ಲೇ. ಹಾಗಂತ ಪೂಜೆ ಬೇಡ: ಕೃಷಿ ಸಾಲ ಅಂದಮೇಲೆ ಹೊಲವೇ ಇಲ್ಲದ ಕೂಲಿಯವರ ಗತಿ ಏನು?

ಅಂಥ ಮನೆಗಳ ಹೆಂಗಸರು ಇವತ್ತು ಮೈಕ್ರೋಫೈನಾನ್ಸ್ ಗುಂಪುಗಳಲ್ಲಿದ್ದಾರೆ. ಅಲ್ಲೂ ಒಬ್ಬರಿಗೊಬ್ಬರು ಜಾಮೀನು. ಆದರೆ ದುಡ್ಡು ಕಂಪನಿಯದು, ಬಡ್ಡಿ ಹೋಗೋದೂ ಅಲ್ಲಿಗೇ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.