ಎರಿಕ್ ಲಿಡೆಲ್ ಬಿಟ್ಟುಕೊಟ್ಟ ಭಾನುವಾರ

  

ಹೋದ ತಿಂಗಳು ಇದೇ ಜಾಗದಲ್ಲಿ ನಿಂತು, ಭಾನುವಾರ ಕೆಲಸಕ್ಕೆ ಹೋಗೋರ ಬಗ್ಗೆ ಬಹಳ ಖಾರವಾಗಿ ಮಾತಾಡಿಬಿಟ್ಟೆ. ಆವತ್ತಿಂದ ನರ್ಸ್ ಆಗಿರೋ ಒಬ್ಬ ಸಹೋದರಿ ಸಭೆಗೆ ಬಂದಿಲ್ಲ. ಯಾರು ಅಂತ ಕೇಳಬೇಡಿ. ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಅದಕ್ಕೇ ಇವತ್ತು ಎರಿಕ್ ಲಿಡೆಲ್ ಅವರ ಜೀವನ ಹೇಳ್ತೀನಿ.

1902ರಲ್ಲಿ ಚೀನಾದ ತಿಯಾಂಜಿನ್‌ನಲ್ಲಿ ಹುಟ್ಟಿದರು. ತಂದೆತಾಯಿ ಸ್ಕಾಟ್ಲೆಂಡಿನ ಮಿಷನರಿಗಳು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂತು. ಸಿನಿಮಾದಲ್ಲಿ ಹಡಗು ಹತ್ತುವಾಗ ಗೊತ್ತಾದ ಹಾಗೆ ತೋರಿಸ್ತಾರೆ. ನಿಜವಾಗಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು. ಓಡೋದಿಲ್ಲ ಅಂದರು. ಭಾನುವಾರ ಇದ್ದ ರಿಲೇ ಓಟಗಳನ್ನೂ ಬಿಟ್ಟರು. 400 ಮೀಟರ್‌ಗೆ ಅಭ್ಯಾಸ ಮಾಡಿ, ಜುಲೈ 11ರ ಶುಕ್ರವಾರ 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು.

ನಾವು ಬೋಧಕರು ಕಥೇನ ಇಲ್ಲಿಗೇ ನಿಲ್ಲಿಸ್ತೀವಿ. ಭಾನುವಾರ ಕೊಟ್ಟರು, ಪದಕ ಸಿಕ್ತು, ಆಮೆನ್! ವ್ಯಾಪಾರದ ಹಾಗೆ. ನಾನೂ ಹಾಗೇ ಹೇಳಿದ್ದೀನಿ. ಐಗುಪ್ತದಲ್ಲಿ ಇಟ್ಟಿಗೆ ಮಾಡ್ತಿದ್ದ ದಾಸರಿಗೆ ವಿಶ್ರಾಂತಿ ಇರಲಿಲ್ಲ. ದೇವರು ಅವರನ್ನು ಬಿಡಿಸಿ ತಂದು ಸಬ್ಬತ್ ಕೊಟ್ಟರು. ಒಂದು ದಿನ ಕೈ ಕಟ್ಟಿ ಕೂತರೂ ದೇವರು ನಮ್ಮನ್ನ ನಡೆಸ್ತಾರೆ ಅಂತ ನಂಬೋದು ಅದು. ಪದಕ ಬರದಿದ್ದರೂ ಲಿಡೆಲ್ ಅದನ್ನು ನಂಬ್ತಿದ್ದರು.

1925ರಲ್ಲಿ ಚೀನಾಕ್ಕೆ ಹಿಂತಿರುಗಿ ಶಿಕ್ಷಕರಾದರು. ಯುದ್ಧ ಹತ್ತಿರ ಬಂದಾಗ, 1941ರಲ್ಲಿ, ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದರು. 1943ರಲ್ಲಿ ಜಪಾನಿನವರು ಅವರನ್ನ ವೈಶಿಯೆನ್ ಸೆರೆಶಿಬಿರಕ್ಕೆ ಹಾಕಿದರು. ಅಲ್ಲಿ ಅಪ್ಪ ಅಮ್ಮ ಜೊತೆಗಿಲ್ಲದ ಮಕ್ಕಳು ಎಷ್ಟೋ ಇದ್ದರು. ಅವರಿಗೆ ಆಟ ಆಡಿಸ್ತಿದ್ದವರು ಲಿಡೆಲ್. ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡೋಕೆ ಹೋಗಿ, ರೆಫರಿ ಇಲ್ಲದೆ ಹೊಡೆದಾಡಿಕೊಂಡರು.

ಆಮೇಲಿನ ಭಾನುವಾರ ಮೈದಾನದಲ್ಲಿ ರೆಫರಿಯಾಗಿ ನಿಂತವರು ಲಿಡೆಲ್ಲೇ.

ಒಲಿಂಪಿಕ್ಸ್‌ಗೂ ಬಿಟ್ಟುಕೊಡದ ಭಾನುವಾರವನ್ನ ಜಗಳಾಡೋ ಮಕ್ಕಳಿಗೆ ಬಿಟ್ಟುಕೊಟ್ಟರು! ಕೈ ಬತ್ತಿದವನನ್ನು ಯೇಸು ಸ್ವಾಮಿ ಸಬ್ಬತ್ ದಿನದಲ್ಲೇ ಗುಣಪಡಿಸಲಿಲ್ಲವಾ? ಹಾಗಿರುವಾಗ ರೋಗಿಯ ಪಕ್ಕ ನಿಂತ ಸಹೋದರಿಗೆ ನಾನು ಏನು ಹೇಳಿಬಿಟ್ಟೆ...

1945ರ ಫೆಬ್ರವರಿ 21ರಂದು ಮೆದುಳಿನ ಗಡ್ಡೆಯಿಂದ ಲಿಡೆಲ್ ಶಿಬಿರದಲ್ಲೇ ತೀರಿಕೊಂಡರು. ಬರೀ 43 ವರ್ಷ. ಮೂರನೇ ಮಗಳ ಮುಖ ನೋಡಲೇ ಇಲ್ಲ.

ಆ ಸಹೋದರಿಗೆ ನಿನ್ನೆ ಫೋನ್ ಮಾಡಿದೆ. ಮಂಗಳವಾರ ಅವರಿಗೆ ರಜೆಯಂತೆ. ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋಗಿ ಕ್ಷಮೆ ಕೇಳ್ತೀವಿ. ನಮಗೋಸ್ಕರ ಪ್ರಾರ್ಥನೆ ಮಾಡಿ. ಎದ್ದು ನಿಲ್ಲೋಣ.