ತನ್ನ ವೇಗವನ್ನು ತಾನೇ ಕಾಯ್ದುಕೊಂಡ ಬೆಳಗಾವಿಯ ಓಟಗಾರ

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದಾಗ ಅವರಿಗೆ 18 ವರ್ಷ. ಅಂದರೆ ನಮ್ಮ ಸೆಕೆಂಡ್ ಪಿಯುಸಿ ತರಗತಿಯಲ್ಲಿ ಕೂತಿರುವವರ ವಯಸ್ಸು. ಅವರಿಗೆ ಪದಕ ಸಿಗಲಿಲ್ಲ, ಬಂದದ್ದು 19ನೇ ಸ್ಥಾನ. ಆದರೂ ಅವರ ಓಟದಲ್ಲಿ ನಮ್ಮಂಥ ಸಾಮಾನ್ಯ ವಿದ್ಯಾರ್ಥಿಗಳು ಕಲಿಯಬೇಕಾದ ಒಂದು ಲೆಕ್ಕ ಇದೆ. ಅದಕ್ಕಾಗಿ ಈ ಲೇಖನ.

ಚೌಗುಲೆಯವರು ಹುಟ್ಟಿದ್ದು 1902ರಲ್ಲಿ. ಆಗ ಬೆಳಗಾವಿ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಸಿಂಥೆಟಿಕ್ ಟ್ರ್ಯಾಕ್ ಇರಲಿಲ್ಲ, ಓಡುವಾಗ ವೇಗ ತೋರಿಸುವ ಕೈಗಡಿಯಾರ ಇರಲಿಲ್ಲ. 1919ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಯುವಕರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಉದ್ಯಮಿ ದೊರಾಬ್ಜಿ ಟಾಟಾ ನೋಡಿದರು. ಅವರಲ್ಲಿ ಹೆಚ್ಚಿನವರು ರೈತಾಪಿ ಜನ. ಇವರು ಯುರೋಪಿನ ಓಟಗಾರರಿಗೆ ತುಂಬಾ ಹಿಂದಿಲ್ಲ ಎಂದು ಟಾಟಾ ಅವರಿಗೆ ಅನಿಸಿತು. ಮುಂಬೈ ಗವರ್ನರರ ನೆರವು ಪಡೆದು, ತಮ್ಮ ಕೈಯಿಂದಲೂ ಹಣ ಹಾಕಿ, 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕಳುಹಿಸಿದರು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು, ಇಷ್ಟೇ ತಂಡ. ಅದರಲ್ಲಿ ಚೌಗುಲೆಯವರೂ ಇದ್ದರು.

ಅಲ್ಲಿ ಅವರು 10,000 ಮೀಟರ್ ಓಟದಲ್ಲೂ ಭಾಗವಹಿಸಿದರು. ಅದರಲ್ಲಿ ಮುಂದಿನ ಸುತ್ತಿಗೆ ಹೋಗಲು ಆಗಲಿಲ್ಲ. ಕೆಲವೇ ದಿನಗಳ ನಂತರ, ಆಗಸ್ಟ್ 22ರಂದು, ಮ್ಯಾರಥಾನ್ ಇತ್ತು. ಮ್ಯಾರಥಾನ್ ಎಂದರೆ ಈಗ 42.195 ಕಿಲೋಮೀಟರ್. ಆಂಟ್‌ವರ್ಪ್‌ನಲ್ಲಿ ಮಾತ್ರ ದೂರ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ಸ್ ಇತಿಹಾಸದಲ್ಲೇ ಇದು ಅತಿ ಉದ್ದದ ಮ್ಯಾರಥಾನ್. ನಮ್ಮ ಮಂಗಳೂರಿನಿಂದ ಹೆದ್ದಾರಿಯಲ್ಲಿ ಹೊರಟರೆ ಹೆಚ್ಚುಕಡಿಮೆ ಕಾಪುವಿನ ತನಕ ಓಡಿದ ಹಾಗೆ.

ಆ ದಿನ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದರು. ಅವರ ಸಮಯ 2 ಗಂಟೆ 32 ನಿಮಿಷ 35 ಸೆಕೆಂಡ್. ಎಸ್ಟೋನಿಯಾದ ಯೂರಿ ಲೊಸ್ಮನ್ ಸುಮಾರು 13 ಸೆಕೆಂಡ್ ಹಿಂದೆ ಎರಡನೆಯವರಾದರು. ಓಟದ ಮೊದಲರ್ಧದಲ್ಲಿ ಮುಂದಿದ್ದ ದಕ್ಷಿಣ ಆಫ್ರಿಕಾದ ಗಿಟ್‌ಶಾಮ್ ಕೊನೆಯ ತನಕ ಓಡಲು ಆಗದೆ ದಾರಿಯಲ್ಲೇ ಬಿಟ್ಟರು. ಅವರು ಸಾಮಾನ್ಯರಲ್ಲ, 1912ರ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಬೆಳ್ಳಿ ಪದಕ ಗೆದ್ದವರು. ಚೌಗುಲೆಯವರ ಜೊತೆ ಓಡಿದ ಭಾರತದ ಸದಾಶಿವ ದಾತಾರ್ ಅವರೂ ಓಟ ಮುಗಿಸಲಿಲ್ಲ. ಚೌಗುಲೆಯವರು ಮುಗಿಸಿದರು. ಸಮಯ 2 ಗಂಟೆ 50 ನಿಮಿಷ 45 ಸೆಕೆಂಡ್.

ಈಗ ಲೆಕ್ಕಕ್ಕೆ ಬರೋಣ. ಈ ಸಮಯವನ್ನು ದೂರದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ ಬರುತ್ತದೆ. ಕೊಲೆಹ್ಮೈನೆನ್ ಅವರ ಸರಾಸರಿ 3 ನಿಮಿಷ 34 ಸೆಕೆಂಡ್. ಪ್ರತಿ ಕಿಲೋಮೀಟರಿಗೆ ಇಬ್ಬರ ನಡುವೆ 26 ಸೆಕೆಂಡ್ ವ್ಯತ್ಯಾಸ. ಕೇಳಲು ಸಣ್ಣದು. ಆದರೆ ಚೌಗುಲೆಯವರು ಮೊದಲ 10 ಕಿಲೋಮೀಟರ್ ಗೆದ್ದವರ ವೇಗದಲ್ಲೇ ಓಡಿದ್ದರೆ, ತಮ್ಮ ಸರಾಸರಿಗಿಂತ 4 ನಿಮಿಷಕ್ಕೂ ಹೆಚ್ಚು ಮುಂದೆ ಹೋಗಿಬಿಡುತ್ತಿದ್ದರು. ನಾವು ಕಾಮರ್ಸ್‌ನವರು ಇದನ್ನು ಓವರ್‌ಡ್ರಾಫ್ಟ್ ಎನ್ನಬಹುದು. ಖಾತೆಯಲ್ಲಿ ಇಲ್ಲದ ಹಣವನ್ನು ತೆಗೆದು ಖರ್ಚು ಮಾಡಿದ ಹಾಗೆ. ಬಡ್ಡಿ ಸಮೇತ ಕಟ್ಟುವ ಹೊತ್ತು ಬಂದೇ ಬರುತ್ತದೆ.

ದೇಹದಲ್ಲಿ ಆ ಹೊತ್ತು ಸಾಮಾನ್ಯವಾಗಿ 30 ಕಿಲೋಮೀಟರ್ ದಾಟಿದ ಮೇಲೆ ಬರುತ್ತದೆ. ನಾವು ತಿಂದ ಅನ್ನ, ರೊಟ್ಟಿಯ ಸಕ್ಕರೆ ಅಂಶ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೊಜೆನ್ ಆಗಿ ಉಳಿದಿರುತ್ತದೆ. ಇದು ಸೀಮಿತ ಬಂಡವಾಳ. ಕೊಬ್ಬು ಬೇಕಾದಷ್ಟು ಇದ್ದರೂ ಅದರಿಂದ ಶಕ್ತಿ ಸಿಗುವುದು ನಿಧಾನ. ಓಟ ಜೋರಾದಷ್ಟೂ ದೇಹ ಗ್ಲೈಕೊಜೆನ್ ಅನ್ನೇ ಹೆಚ್ಚು ಸುಡುತ್ತದೆ. ಅದು ಖಾಲಿಯಾದರೆ ಕಾಲು ಏಳುವುದಿಲ್ಲ. ಗೋಡೆಗೆ ಹೋಗಿ ಗುದ್ದಿದ ಹಾಗಾಗುತ್ತದೆ ಎಂದು ಓಟಗಾರರು ಹೇಳುವುದು ಇದಕ್ಕೇ.

ಅತಿ ವೇಗದ ಓಟಗಾರರು ಎರಡು ಅರ್ಧಗಳನ್ನೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಮುಗಿಸುತ್ತಾರೆ. 2018ರಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 39 ಸೆಕೆಂಡ್‌ನ ವಿಶ್ವದಾಖಲೆ ಮಾಡಿದಾಗ, ಅವರ ಎರಡನೆಯ ಅರ್ಧ ಮೊದಲನೆಯದಕ್ಕಿಂತ ಸುಮಾರು ಅರ್ಧ ನಿಮಿಷ ಬೇಗ ಮುಗಿದಿತ್ತು. ನಾಲ್ಕೈದು ಗಂಟೆ ತೆಗೆದುಕೊಳ್ಳುವ ಸಾಮಾನ್ಯ ಓಟಗಾರರಲ್ಲಿ ಹೆಚ್ಚಿನವರು ಶುರುವಿನಲ್ಲಿ ಉತ್ಸಾಹದಿಂದ ಓಡಿ, ಕೊನೆಗೆ ತುಂಬಾ ನಿಧಾನವಾಗುತ್ತಾರೆ. ಈ ತಪ್ಪು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ನಿಧಾನ ಓಡುವವನು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರಬೇಕು. ಹಾಗಾಗಿ ವೇಗದ ಲೆಕ್ಕ ಚಾಂಪಿಯನ್‌ಗಿಂತ ಅವನಿಗೇ ಹೆಚ್ಚು ಬೇಕು.

ನಮ್ಮ ಮನೆಯ ಉರ್ದುವಿನಲ್ಲಿ ವೇಗಕ್ಕೆ ರಫ್ತಾರ್ ಎನ್ನುತ್ತೇವೆ. ಪ್ರತಿಯೊಬ್ಬನ ರಫ್ತಾರ್ ಬೇರೆ. ತರಗತಿಯ ಟಾಪರ್ ಒಂದು ವಾರದಲ್ಲಿ ಅಕೌಂಟೆನ್ಸಿಯ ಎರಡು ಪಾಠ ಮುಗಿಸಿದ ಎಂದು ಕೇಳಿ, ನಾವೂ ಜೂನ್‌ನಲ್ಲಿ ರಾತ್ರಿಯಿಡೀ ಓದಿ ಆಗಸ್ಟ್‌ನಲ್ಲಿ ಪುಸ್ತಕ ಮುಚ್ಚಿಟ್ಟರೆ ಪರೀಕ್ಷೆಯ ತಿಂಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಿನಕ್ಕೆ ಎರಡು ಗಂಟೆ ಮಾತ್ರ ಓದಲು ಆಗುವವನು ಆ ಎರಡು ಗಂಟೆಯನ್ನು ಮಾರ್ಚ್ ತನಕ ಬಿಡದೆ ಓದಿದರೆ ಅದೇ ದೊಡ್ಡದು.

ಚೌಗುಲೆಯವರು 1952ರಲ್ಲಿ ತೀರಿಕೊಂಡರು. ಅವರ ವೇಗ ಎಷ್ಟಿತ್ತು ಎಂದು ನೋಡಬೇಕಾದರೆ ನಮ್ಮ ಮಂಗಳಾ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ನಲ್ಲಿ ಒಂದು ಸುತ್ತನ್ನು 1 ನಿಮಿಷ 36 ಸೆಕೆಂಡ್‌ನಲ್ಲಿ ಓಡಿ ನೋಡಿ. ನಮ್ಮಲ್ಲಿ ತುಂಬಾ ಜನರಿಗೆ ಒಂದು ಸುತ್ತು ಆಗಬಹುದು. ಬೆಳಗಾವಿಯ ಆ 18 ವರ್ಷದ ಯುವಕ ಅದೇ ಸರಾಸರಿಯಲ್ಲಿ ಓಡಿದ್ದು ಸುಮಾರು 107 ಸುತ್ತಿನಷ್ಟು ದೂರ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ